ಮೇಣದ ಸಿಪ್ಪೆ

ಇಪ್ಪತ್ತೆಂಟು ವರ್ಷದಿಂದ ನಾನು ಮಾಂಸ ಕೊಯ್ಯುತ್ತಿದ್ದೇನೆ. ಹೀಗೆ ಹೇಳಿದರೆ ನಮ್ಮ ಬಂಧುಗಳು ಕಿವಿ ಮುಚ್ಚಿಕೊಳ್ಳುತ್ತಾರೆ. ದಿನಾ ಸಂಧ್ಯಾವಂದನೆ ಮುಗಿಸಿ, ಅಂಗಾರ ಅಕ್ಷತೆ ಇಟ್ಟುಕೊಂಡು ಮನೆ ಬಿಡುವ ವೆಂಕೋಬನ ಕೆಲಸ ಮಾತ್ರ ಇದೇ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರು ನಮ್ಮ ಲ್ಯಾಬಿಗೆ ಬರುತ್ತದೆ. ಅದನ್ನು ಕಾದ ಮೇಣದಲ್ಲಿ ಕೂರಿಸಿ, ತಣಿಸಿ, ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡ ಅಚ್ಚು ಮಾಡುತ್ತೇನೆ. ಅದಕ್ಕೆ ನಾವು ಬ್ಲಾಕು ಅನ್ನುತ್ತೇವೆ. ಬ್ಲಾಕನ್ನು ಯಂತ್ರಕ್ಕೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಬ್ಲೇಡಿನ ಬಾಯಿಂದ ಕೂದಲಿಗಿಂತ ತೆಳ್ಳನೆಯ ಪದರ ಬರುತ್ತದೆ. ಅದನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ಡಾಕ್ಟರ ಮುಂದಿಡುತ್ತೇನೆ. ಕ್ಯಾನ್ಸರ್ ಹೌದೋ ಅಲ್ಲವೋ ಅವರು ಬರೆಯುತ್ತಾರೆ. ಹೆಸರು ಅವರದ್ದು, ಬೆನ್ನುನೋವು ನನ್ನದು.

ಹೊಸಪೇಟೆಯ ಪಟೇಲ್ ನಗರದಲ್ಲಿ ನಮ್ಮ ಲ್ಯಾಬು. ಅದೇ ಓಣಿಯಲ್ಲಿ ನಾಲ್ಕು ಮನೆ ದಾಟಿದರೆ ನನ್ನ ಮನೆ. ಇಷ್ಟೇ ದಾರಿಯಾದರೂ ಈಚೆಗೆ ನಡುವೆ ಒಂದು ಸಲ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ವಯಸ್ಸು ಐವತ್ತಾರು. ಹೆಂಡತಿ ಗಂಗಾಬಾಯಿ ಹೋಗಿ ಮೂರು ವರ್ಷವಾಯಿತು. ಮಕ್ಕಳಿಲ್ಲ. ಯಾರಾದರೂ "ಹ್ಯಾಂಗದೀರಿ" ಎಂದರೆ "ಅದೀನಿ" ಅನ್ನುತ್ತೇನೆ. ಅದಕ್ಕಿಂತ ಮುಂದೆ ಕೇಳಿದರೆ ಸಿಟ್ಟು ಬರುತ್ತದೆ.

ಹೋದ ವರ್ಷ ಯುಗಾದಿ ಹೊತ್ತಿಗೆ ನಮ್ಮ ಮಾಲೀಕರಿಗೆ ಲ್ಯಾಬು ದೊಡ್ಡದು ಮಾಡುವ ಹುಕಿ ಬಂತು. ಹಳೆಯ ಬ್ಲಾಕುಗಳ ಕೋಣೆ ಖಾಲಿ ಮಾಡಿ ಎಂದರು. ಒಬ್ಬೊಬ್ಬ ರೋಗಿಯದ್ದು ಎಂಟು ಹತ್ತು ಬ್ಲಾಕು ಇರುತ್ತವೆ. ಅವುಗಳಲ್ಲಿ ಒಳ್ಳೆಯದೊಂದನ್ನು ರೋಗಿಗೇ ಕೊಟ್ಟು ಸಹಿ ತೆಗೆದುಕೊಳ್ಳುವುದು, ಉಳಿದದ್ದನ್ನು ಆಸ್ಪತ್ರೆ ಕಸ ಒಯ್ಯುವ ಹಳದಿ ವ್ಯಾನಿಗೆ ಹಾಕುವುದು ಎಂದು ತೀರ್ಮಾನವಾಯಿತು. ಒಂದು ತಿಂಗಳು ನಾನು ಪ್ಲಾಸ್ಟಿಕ್ ಚೀಲದಲ್ಲಿ ಜನರ ಕರುಳು, ಎದೆ, ಗರ್ಭಕೋಶ ಹಂಚಿದೆ. ಪ್ರತಿಯೊಬ್ಬರಿಗೂ "ನಿಮ್ಮ ಮೈಯ ತುಂಡು ಐತಿ, ಜ್ವಾಪಾನ" ಎಂದು ಹೇಳಿದೆ. ಯಾಕೆ ಜೋಪಾನ, ಎಷ್ಟು ದಿನ ಜೋಪಾನ ಎಂದು ಹೇಳಲಿಲ್ಲ. ನೂರಾರು ಜನ. ಬಾಯಿ ಸೋತಿತ್ತು.

ಈ ವರ್ಷ ಶ್ರಾವಣದ ಒಂದು ಸೋಮವಾರ ಡಾಕ್ಟರ್ ಅರ್ಚಿತಾ ಫೋನು ಮಾಡಿದರು. ಬಳ್ಳಾರಿಯಿಂದ ವಾರಕ್ಕೆರಡು ದಿನ ನಮ್ಮೂರಿಗೆ ಬರುವ ಕ್ಯಾನ್ಸರ್ ಡಾಕ್ಟರು. ವಯಸ್ಸು ಚಿಕ್ಕದು, ಅವಸರ ಭಾಳ.

"ವೆಂಕೋಬರಾವ್, ದುರುಗವ್ವ ಅಂತ ನನ್ನ ಪೇಷಂಟ್. ಎರಡೂವರೆ ವರ್ಷದ ಹಿಂದೆ ದೊಡ್ಡ ಕರುಳಿನ ಆಪರೇಷನ್ ಆಗಿತ್ತು, ನಿಮ್ಮಲ್ಲೇ ರಿಪೋರ್ಟ್ ಮಾಡಿದ್ದು. ಈಗ ಲಿವರಿಗೆ ಬಂದದ. ಅವರ ಬ್ಲಾಕ್ ಬೇಕ್ರಿ."

ರಿಜಿಸ್ಟರ್ ತೆಗೆದು ನೋಡಿದೆ. ಸಾವಿರದ ನೂರ ಎಂಬತ್ತೇಳು. ಪಕ್ಕದಲ್ಲಿ ದುರುಗವ್ವನ ಹೆಬ್ಬೆಟ್ಟಲ್ಲ, ದುಂಡಗಿನ ಸಹಿ.

"ಬ್ಲಾಕ್ ಪೇಷಂಟಿಗೇ ಕೊಟ್ಟೀವ್ರಿ. ಅವರನ್ನ ಕೇಳ್ರಿ."

"ಕೇಳ್ತೀನಿ, ನಿಮ್ಮ ಹತ್ರನೇ ಕಳಸ್ತೀನಿ. ಗಾಜು ನೀವೇ ಮಾಡಿಕೊಡ್ರಿ. ಬೆಂಗಳೂರಿನಾಗ ಹೊಸ ಔಷಧದ್ದು ಒಂದು ಅಧ್ಯಯನ ನಡದದ, ಔಷಧ ಪುಕ್ಕಟೆ. ಆದ್ರ ಮೊದಲು ಗಡ್ಡೆ ತುಂಡಿನ ಮೇಲೆ ಒಂದು ಟೆಸ್ಟ್ ಆಗಬೇಕು. ಶುಕ್ರವಾರ ಕಡೀ ದಿನ. ಅದು ದಾಟಿದ್ರ ಹೆಸರು ತಗೊಳ್ಳಂಗಿಲ್ಲ."

"ಅಷ್ಟು ಅವಸರ ಇದ್ರ ಲಿವರಿಗೆ ಸೂಜಿ ಹಾಕಿ ಹೊಸ ತುಂಡು ತೆಗೀರಲ್ಲ."

"ಕಾಲಿನ ನರದಾಗ ರಕ್ತ ಹೆಪ್ಪುಗಟ್ಟದ. ರಕ್ತ ತೆಳ್ಳಗಾಗೋ ಇಂಜೆಕ್ಷನ್ ನಡದದ. ಈಗ ಸೂಜಿ ಹಾಕಿದ್ರ ರಕ್ತ ನಿಲ್ಲಂಗಿಲ್ಲ, ಟೇಬಲ್ ಮೇಲೇ ಹೋಗ್ತಾರ. ಎರಡು ನಮೂನಿ ಕಿಮೋ ಕೊಟ್ಟೆ, ಯಾವುದೂ ಹಿಡಿಲಿಲ್ಲ. ಇದೊಂದೇ ಉಳಿದದ ನೋಡ್ರಿ."

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ತಾಯಿ ಮಗ ಬಂದರು. ಮಗ ಮಲ್ಲಿಕಾರ್ಜುನ್, ವಡ್ಡುವಿನಲ್ಲಿ ಸಂಸಾರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿಳಿದು ಹಾಗೇ ಬಂದಿದ್ದ. ಕಿವಿಯ ಸಂದಿಯಲ್ಲಿ ಕೆಂಪು ಧೂಳು ಹಾಗೇ ಇತ್ತು. ತಾಯಿ ತೆಳ್ಳಗೆ, ತಲೆ ಮೇಲೆ ಸೆರಗು. ಸೆರಗಿನ ಕೆಳಗೆ ಕೂದಲಿರಲಿಲ್ಲ.

"ಬ್ಲಾಕ್ ತಂದೀರೇನು?" ಕುಂದ್ರಿ ಎಂದೂ ಅನ್ನದೆ ಕೇಳಿದೆ.

"ಇಲ್ರಿ ಸರ," ಎಂದಳು ದುರುಗವ್ವ.

"ಎಲ್ಲೈತಿ ಮತ್ತ?"

"ಹಳದಿ ವ್ಯಾನಿಗೆ ಕೊಟ್ಟೆ."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆಕೆಯೇ ಮುಂದುವರಿಸಿದಳು.

"ನೀವ ಅಂದ್ರಲ್ರಿ, ಮೈಯ ತುಂಡು ಐತಿ ಅಂತ. ನಾನು ನಗರಸಭಿ ಪೌರಕಾರ್ಮಿಕಳು, ಇಪ್ಪತ್ತೊಂದು ವರ್ಷ ಆತು. ಮೈಯ ತುಂಡು ಹಸಿ ಕಸಕ್ಕ ಹಾಕಬಾರದು, ಒಣ ಕಸಕ್ಕ ಹಾಕಬಾರದು, ಮನ್ಯಾಗಂತೂ ಇಡಬಾರದು. ಆಸ್ಪತ್ರಿ ವ್ಯಾನಿಗೆ ಕೊಟ್ಟು ಸುಡಿಸಬೇಕು. ಎರಡು ದಿನ ಟ್ರೇನಿಂಗ್ ಕೊಟ್ಟು ಹೇಳ್ಯಾರ. ಹೊಸಬರಿಗೆ ನಾನ ಹೇಳಿಕೊಡ್ತೀನಿ. ನೀವು ಕೊಟ್ಟ ಮರುದಿನ ಡ್ರೈವರನ ಕೈಯಾಗ ಕೊಟ್ಟು, ಇದನ್ನ ಬರೋಬ್ಬರಿ ಸುಡಪಾ ಅಂತ ಹೇಳಿ ಬಂದೆ."

ಮೈಯೆಲ್ಲ ಉರಿದುಹೋಯಿತು. ಜೋಪಾನವಾಗಿಡಿ ಎಂದು ಕೊಟ್ಟದ್ದನ್ನು ಇಷ್ಟು ಜೋಪಾನವಾಗಿ ಸುಡಿಸಿದವರನ್ನು ನಾನು ಕಂಡಿರಲಿಲ್ಲ.

"ಬುದ್ಧಿ ಐತೇನಮ್ಮ ನಿನಗ? ಬಂಗಾರ ಕೊಟ್ಟಂಗ ಕೊಟ್ಟಿದ್ದೆ. ಒಯ್ದು ಬೆಂಕಿಗೆ ಹಾಕಿ ಬಂದೀ. ಈಗ ಎಲ್ಲಿಂದ ತರಲಿ ನಾನು? ನನ್ನ ಹೊಟ್ಟ್ಯಾಗಿಂದ ತೆಗೀಲೇನು?"

ಆಕೆ ತಲೆ ತಗ್ಗಿಸಲಿಲ್ಲ. ಬೈಗುಳ ಕೇಳಿ ಅಭ್ಯಾಸವಿದ್ದವರು ನಿಲ್ಲುವ ಹಾಗೆ ನಿಂತಿದ್ದಳು. ಮಗನಿಗೆ ಮಾತ್ರ ತಡೆಯಲಾಗಲಿಲ್ಲ.

"ಸರ್, ಮುಂದ ಇದರ ಮ್ಯಾಲ ಟೆಸ್ಟ್ ಮಾಡಾದು ಬರತೈತಿ ಅಂತ ಅವತ್ತು ನೀವು ಹೇಳಿದ್ರೇನು?"

ಹೇಳಿರಲಿಲ್ಲ. ತಪ್ಪು ನನ್ನದೂ ಇದೆ ಎಂದು ಗೊತ್ತಾದಾಗ ನನ್ನ ಸಿಟ್ಟು ಇನ್ನೂ ಒಂದು ಗೇಣು ಏರುತ್ತದೆ. ಗಂಗಾಬಾಯಿ ಇದನ್ನೇ ಹೇಳಿ ನಗುತ್ತಿದ್ದಳು. ಬಾಯಿ ತೆರೆಯುವಷ್ಟರಲ್ಲಿ ದುರುಗವ್ವ ಗೋಡೆ ಹಿಡಿದುಕೊಂಡಳು. ಕಾಲು ಬಾತಿತ್ತು. ಸ್ಟೂಲು ಎಳೆದು ಕೊಟ್ಟೆ.

"ಆ ತುಂಡಿನ್ಯಾಗ ಅಂಥಾದ್ದೇನೈತ್ರಿ?" ಮಲ್ಲಿಕಾರ್ಜುನ್ ಕೇಳಿದ. ದನಿ ಇಳಿದಿತ್ತು. "ಡಾಕ್ಟರು ಏನೋ ಹೇಳಿದ್ರು, ತಲಿಗೆ ಹೋಗ್ಲಿಲ್ಲ."

ವಿವರಿಸುವುದು ನನ್ನ ಕೆಲಸವಲ್ಲ. ಆದರೂ ಹೇಳಿದೆ. ಮೈಯ ಪ್ರತಿಯೊಂದು ಜೀವಕೋಶ ತನ್ನೊಳಗೆ ಸಾವಿರಾರು ಬಗೆಯ ಪ್ರೋಟೀನು ಮಾಡುತ್ತದೆ. ಕೆಲಸ ಮುಗಿದದ್ದನ್ನು ಚೂರು ಚೂರು ಮಾಡುತ್ತದೆ. ಆ ಚೂರುಗಳಲ್ಲಿ ಒಂದಿಷ್ಟನ್ನು ತನ್ನ ಹೊರಮೈ ಮೇಲೆ ಇಟ್ಟು ತೋರಿಸುತ್ತದೆ. ರಕ್ತದಲ್ಲಿ ತಿರುಗುವ ಒಂದು ಜಾತಿಯ ಬಿಳಿ ಕಣಗಳು ಒಂದೊಂದು ಕೋಶದ ಹತ್ತಿರವೂ ಬಂದು ಆ ಚೂರುಗಳನ್ನು ಮುಟ್ಟಿ ನೋಡುತ್ತವೆ. ದಿನಾ ಕಂಡ ಚೂರೇ ಆದರೆ ಮುಂದೆ ಹೋಗುತ್ತವೆ. ಕ್ಯಾನ್ಸರ್ ಹತ್ತಿದ ಕೋಶದೊಳಗೆ, ಪ್ರೋಟೀನು ಹೇಗೆ ಮಾಡಬೇಕೆಂಬ ಬರಹ ತಪ್ಪಿರುತ್ತದೆ. ಬರಹ ತಪ್ಪಿದ್ದಕ್ಕೆ ಪ್ರೋಟೀನು ಬದಲಾಗುತ್ತದೆ, ಚೂರೂ ಬದಲಾಗುತ್ತದೆ. ಎಂದೂ ಕಾಣದ ಚೂರು ಸಿಕ್ಕರೆ ಬಿಳಿ ಕಣ ಆ ಕೋಶವನ್ನು ಕೊಲ್ಲುತ್ತದೆ.

ಮಗ ಕಣ್ಣು ಕಿರಿದು ಮಾಡಿ ಕೇಳುತ್ತಿದ್ದ. ತಾಯಿ ಥಟ್ಟನೆ ಅಂದಳು: "ಕಸ ನೋಡಿ ಮನಿ ಹೇಳ್ದಂಗ."

"ಏನು?"

"ಒಳಗ ಏನು ಅಡಿಗಿ ಆಗೈತಿ ಅಂತ ನಾವೇನು ಒಳಗ ಹೋಗಿ ನೋಡಂಗಿಲ್ಲ. ಹೊರಗ ಇಟ್ಟ ಕಸ ನೋಡಿದ್ರ ತಿಳೀತೈತಿ. ಯಾರ ಮನ್ಯಾಗ ಕೂಸು ಹುಟ್ಟೈತಿ, ಯಾರ ಮನ್ಯಾಗ ಕುಡಿಯಾಕ ಸುರು ಮಾಡ್ಯಾರ, ಎಲ್ಲಾ ಗೊತ್ತು ನಮಗ."

ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಡಾಕ್ಟರುಗಳು ಇದನ್ನು ಹೇಳುವುದು ಕೇಳಿದ್ದೇನೆ. ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. "ಹೌದು, ಹಂಗ," ಎಂದೆ.

"ಮತ್ತ ನನ್ನ ಗಡ್ಡಿ ಯಾಕ ಕೊಲ್ಲಲಿಲ್ಲ ಅವು?"

"ಕೆಲವು ಗಡ್ಡಿ ಬಂದ ಕಣದ ಕೈ ಕಟ್ಟಿ ನಿಲ್ಲಸ್ತಾವ. ಗುರುತು ಸಿಕ್ಕಿರತೈತಿ, ಆದ್ರ ಏನೂ ಮಾಡಾಕ ಆಗಂಗಿಲ್ಲ. ಆ ಹೊಸ ಔಷಧ ಕಟ್ಟು ಬಿಚ್ಚತೈತಿ. ಆದ್ರ ಬದಲಾದ ಚೂರು ರಾಶಿ ಇದ್ದ ಗಡ್ಡಿಗೆ ಮಾತ್ರ ಅದು ಹಿಡೀತೈತಿ. ಬರಹದ ತಪ್ಪು ತಿದ್ದಾವು ಅಂತ ಕೋಶದಾಗ ನಾಕು ಪ್ರೋಟೀನು ಇರ್ತಾವ. ಅವುಗಳಾಗ ಒಂದೆರಡು ಇಲ್ಲ ಅಂದ್ರ ತಪ್ಪು ರಾಶಿ ಬಿದ್ದಿರತೈತಿ. ಟೆಸ್ಟಿನಾಗ ನೋಡಾದು ಅದನ್ನ."

"ಕೆಲವರು ಕಸಾನ ಹೊರಗ ಇಡಂಗಿಲ್ರಿ ಸರ. ಅಂಥಾ ಮನಿ ಮ್ಯಾಲ ನನಗ ಭಾಳ ಸಂಶಯ."

"ಅಂಥಾ ಗಡ್ಡೀನೂ ಅದಾವ," ಎಂದೆ. ನನಗೆ ಗೊತ್ತಿಲ್ಲದೆ ಸ್ವಲ್ಪ ನಕ್ಕಿದ್ದೆ. ಆಕೆಯೂ ನಕ್ಕಳು.

"ನಿಮ್ಮ ಮನಿ ಕಸಾನೂ ನಾನ ಒಯ್ಯಾದ್ರಿ. ಈ ಲ್ಯಾಬಿಂದೂ. ನೀವು ನನ್ನ ಗುರುತು ಹಿಡಿಲಿಲ್ಲ ಅನಸತೈತಿ."

ನಾನು ಆಕೆಯನ್ನು ಮತ್ತೆ ನೋಡಿದೆ. ಆಗ ಹೊಳೆಯಿತು: ಹಸಿರು ಕೋಟು, ಟೊಪ್ಪಿಗೆ, ಮುಖಕ್ಕೆ ಬಟ್ಟೆ, ಕೊರಳಲ್ಲಿ ಸೀಟಿ. ದಿನಾ ಬೆಳಿಗ್ಗೆ ಗಾಡಿಯ ಹಿಂದೆ ಬರುವ ಹೆಂಗಸು. ಅವಳು ಬರುವ ಮೊದಲೇ ಬುಟ್ಟಿಯನ್ನು ಕಟ್ಟೆ ಮೇಲಿಟ್ಟು ಒಳಗೆ ಹೋಗುವುದು ನನ್ನ ಪದ್ಧತಿ. ಕೈಯಿಂದ ಕೈಗೆ ಎಂದೂ ಕೊಟ್ಟವನಲ್ಲ. ಯಾಕೆ ಎಂದು ಯಾರೂ ಕೇಳಿಲ್ಲ, ನಾನೂ ಕೇಳಿಕೊಂಡಿಲ್ಲ.

"ಮೊದಲು ನಿಮ್ಮ ಬುಟ್ಟ್ಯಾಗ ತುಳಸಿ, ಹೂವು, ಮೆಂತ್ಯದ ಕಡ್ಡಿ ಇರ್ತಿತ್ತು. ಆಮ್ಯಾಲ ಹೂವು ಕಮ್ಮಿ ಆತು, ಗುಳಿಗಿ ಪಟ್ಟಿ ಬಂದ್ವು. ಒಂದಿನ ರಕ್ತದ ಅರಬಿ-ಬಟ್ಟಿ ಬಂತು. ಈ ಮನ್ಯಾಗ ಅಮ್ಮಾರಿಗೆ ಭಾಳ ಜಡ್ಡಾಗೈತಿ ಅಂತ ಮೇಸ್ತ್ರಿಗೆ ಅವತ್ತ ಅಂದಿದ್ದೆ. ಈಗೇನೈತ್ರಿ, ಕಾಫಿ ಚರಟ, ಬ್ರೆಡ್ಡಿನ ಹಾಳಿ. ಒಂದೀಟು ಅನ್ನ ಸಾರು ಮಾಡ್ಕೊಳ್ರಿ ಸರ."

ಆ ದಿನ ನೆನಪಾಯಿತು. ಗಂಗಾಬಾಯಿಗೆ ರಕ್ತ ನಿಲ್ಲದೆ ಹೋಗುತ್ತಿದ್ದ ದಿನಗಳು. ಬೆಳ್‌ಬೆಳಿಗ್ಗೆ ಸೀಟಿ ಊದಿ ಒಬ್ಬಳು ಗೇಟಿನಲ್ಲಿ ನಿಂತು, "ಸರ, ರಕ್ತದ್ದು ಬ್ಯಾರೆ ಕಟ್ಟಿ ಕೊಡ್ರಿ" ಎಂದು ಕೂಗಿದ್ದಳು. ಓಣಿಯೆಲ್ಲ ಕೇಳಿತೆಂದು ಗೇಟು ಬಡಿದು ಒಳಗೆ ಬಂದಿದ್ದೆ. ಹೆಂಡತಿಯ ಕಾಯಿಲೆಯನ್ನು ನಾನು ಯಾರಿಗೂ ಹೇಳಿರಲಿಲ್ಲ, ನಮ್ಮಣ್ಣನಿಗೂ. ಗೊತ್ತಿದ್ದವಳು ಇವಳೊಬ್ಬಳೇ. ಅಳು ಬಂದರೆ ಮರ್ಯಾದೆ ಹೋಗುತ್ತದೆಂದು ರಿಜಿಸ್ಟರಿನ ಹಾಳೆ ತಿರುವಿದೆ.

"ನಿಮ್ಮ ಲ್ಯಾಬಿನ ಒಣ ಕಸದಾಗ ಒಂದು ಬರತೈತಿ ನೋಡ್ರಿ," ಎಂದಳು, ಏಳುತ್ತ. "ಸುರುಳಿ ಸುರುಳಿ, ಬಳ್ಳೊಳ್ಳಿ ಸಿಪ್ಪಿ ಇದ್ದಂಗ. ಅದೊಂದು ಏನಂತ ನನಗ ತಿಳಿವಲ್ದು."

"ಮೇಣ," ಎಂದೆ. "ಬರೇ ಮೇಣ."

ಶುಕ್ರವಾರದೊಳಗೆ ಏನಾದರೂ ನೋಡುತ್ತೇನೆ ಎಂದು ಅವರನ್ನು ಕಳಿಸಿದೆ. ನೋಡಲು ಏನೂ ಇರಲಿಲ್ಲ. ಕೋಣೆ ಖಾಲಿಯಾಗಿ ವರ್ಷದ ಮೇಲಾಗಿತ್ತು. ಮೊದಲ ರಿಪೋರ್ಟಿನ ಗಾಜುಗಳೂ ಆಗಲೇ ಹೋಗಿದ್ದವು. ಸಂಜೆಯವರೆಗೆ ಹಳೆಯ ಅಲಮಾರು, ಅಟ್ಟ, ಡಬ್ಬಿ ಎಲ್ಲ ಜಾಲಾಡಿದೆ. ಸಿಕ್ಕಿದ್ದು ಎರಡು ಜಿರಲೆ.

ಬುಧವಾರ ಎಂದಿನಂತೆ ಎಂಟೂವರೆಗೆ ಬಾಗಿಲು ತೆಗೆದೆ. ನನ್ನದೊಂದು ಪದ್ಧತಿಯಿದೆ. ಹೊಸ ಬ್ಲೇಡು ಹಾಕಿದ ಮೇಲೆ ರೋಗಿಯ ಬ್ಲಾಕಿಗೆ ನೇರ ಹಚ್ಚುವುದಿಲ್ಲ. ಬಾಯಿ ಎಲ್ಲಾದರೂ ಮುಕ್ಕಾಗಿದ್ದರೆ ತುಂಡು ಕೆಡುತ್ತದೆ. ಅದಕ್ಕೆ ಕೆಲಸಕ್ಕೆ ಬಾರದ ಹಳೆಯ ಬ್ಲಾಕೊಂದನ್ನು ಯಂತ್ರದ ಪಕ್ಕದಲ್ಲೇ ಇಟ್ಟಿರುತ್ತೇನೆ. ಅದನ್ನು ಸಿಕ್ಕಿಸಿ ಎರಡು ಸುತ್ತು ತಿರುಗಿಸಿದರೆ ಸುರುಳಿ ಬೀಳುತ್ತದೆ. ಸುರುಳಿಯಲ್ಲಿ ಗೀರು ಇಲ್ಲದಿದ್ದರೆ ಬ್ಲೇಡು ಸರಿಯಿದೆ. ಸುರುಳಿಯನ್ನು ಬ್ರಷ್ಷಿನಿಂದ ಗುಡಿಸಿ ಡಬ್ಬಿಗೆ ಹಾಕುತ್ತೇನೆ. ಕೋಣೆ ಖಾಲಿ ಮಾಡಿದಾಗ ವ್ಯಾನಿಗೆ ಹೋಗುವ ರಾಶಿಯಿಂದ ಕೈಗೆ ಸಿಕ್ಕ ಒಂದನ್ನು ಇದಕ್ಕೆಂದು ಎತ್ತಿಟ್ಟಿದ್ದೆ. ಅದೇ ಇನ್ನೂ ನಡೆಯುತ್ತಿತ್ತು.

ಅವತ್ತೂ ಎರಡು ಸುತ್ತು ತಿರುಗಿಸಿ, ಸುರುಳಿ ಗುಡಿಸಿ ಹಾಕಿ, ಬ್ಲಾಕು ಬಿಚ್ಚಿದೆ. ಬ್ಲಾಕಿನ ಬೆನ್ನಿಗಿರುವ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಂಖ್ಯೆ ಬರೆದಿರುತ್ತೇವೆ. ಹೆಬ್ಬೆರಳು ಸವರಿ ಸವರಿ ಮಾಸಿತ್ತು. ಹಿಂದಿನ ದಿನವೆಲ್ಲ ಒಂದೇ ಸಂಖ್ಯೆ ಬಾಯಲ್ಲಿ ಹೇಳಿಕೊಂಡು ಹುಡುಕಿದ್ದಕ್ಕೋ ಏನೋ, ಮಾಸಿದ್ದೂ ಕಣ್ಣಿಗೆ ಬಿತ್ತು. ಬೆಳಕಿಗೆ ಹಿಡಿದೆ. ಸಾವಿರದ ನೂರ ಎಂಬತ್ತೇಳು.

ಹಾಗೇ ಸ್ಟೂಲಿನ ಮೇಲೆ ಕೂತೆ. ನಿನ್ನೆ ಆಕೆಯನ್ನು ನಿಲ್ಲಿಸಿ ಬೈದು, ಆಮೇಲೆ ಇದೇ ಸ್ಟೂಲಿನ ಮೇಲೆ ಕೂರಿಸಿದ್ದೆ. ಅವಳು ಒಂದು ಸಲ, ಕಲಿಸಿದ ಪಾಠದಂತೆ ತಿಳಿದು ಒಗೆದಳು. ನಾನು ಹದಿನಾರು ತಿಂಗಳಿಂದ ದಿನಾ ಬೆಳಿಗ್ಗೆ ಅವಳ ಕರುಳನ್ನು ಎರಡೆರಡು ಸುತ್ತು ಕೊಯ್ದು ಒಗೆದಿದ್ದೆ, ಒಂದು ದಿನವೂ ಸಂಖ್ಯೆ ನೋಡದೆ. ಥೂ ನನ್ನ ಜನ್ಮಕ್ಕೆ ಎಂದು ಜೋರಾಗಿಯೇ ಅಂದೆ. ಕೇಳುವವರು ಯಾರೂ ಇರಲಿಲ್ಲ.

ಹಿಂದಿನ ದಿನದ ಸುರುಳಿಗಳಾದರೂ ಸಿಕ್ಕಾವೆಂದು ಒಣ ಕಸದ ಡಬ್ಬಿಗೆ ಕೈ ಹಾಕಿದೆ. ಈಗ ಬಿದ್ದದ್ದು ಬಿಟ್ಟರೆ ಖಾಲಿ. ರಾತ್ರಿ ಹೊರಗಿಟ್ಟಿದ್ದ ಕಸ ಬೆಳಗಿನ ಗಾಡಿಗೆ ಹೋಗಿತ್ತು. ಬಿದ್ದದ್ದನ್ನು ಹೆಕ್ಕಿ ನೋಡಿದೆ. ಮುದುಡಿ, ಪುಡಿಯಾಗಿ, ಗಾಜಿಗೆ ಏರುವಂತಿರಲಿಲ್ಲ.

ಬ್ಲಾಕಿನಲ್ಲಿ ಉಳಿದದ್ದು ಕಾಗದದಷ್ಟು ತೆಳ್ಳಗೆ. ಅದರ ಕೆಳಗೆ ಪ್ಲಾಸ್ಟಿಕ್ಕು. ಬೆಂಗಳೂರಿನವರು ಕೇಳಿದ್ದು ಆರು ಗಾಜು. ಮಂಜುಗಡ್ಡೆಯ ಮೇಲೆ ಬ್ಲಾಕಿಟ್ಟು ತಣಿಸಿದೆ. ಹೊಸ ಬ್ಲೇಡು ಹಾಕಿದೆ. ಈ ಸಲ ಬ್ಲೇಡು ಪರೀಕ್ಷೆ ಮಾಡಲು ಬರೀ ಮೇಣದ ಅಚ್ಚು ಮಾಡಿಕೊಂಡೆ. ಈ ಬುದ್ಧಿ ಹದಿನಾರು ತಿಂಗಳ ಹಿಂದೆಯೇ ಬಂದಿದ್ದರೆ ಸಾಕಿತ್ತು. ಮೊದಲ ಪದರ ಮಡಚಿ ಹೋಯಿತು. ಎದ್ದು ಹೋಗಿ ಮುಖ ತೊಳೆದು, ರಾಯರನ್ನು ನೆನೆದು ಬಂದೆ. ಎರಡನೆಯದು ಬಂತು. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನಿಂದ ಎತ್ತಿಕೊಂಡೆ. ಹೀಗೆ ಏಳು ಬಂದವು. ಎಂಟನೆಯದಕ್ಕೆ ಬ್ಲೇಡು ಪ್ಲಾಸ್ಟಿಕ್ಕಿಗೆ ತಾಗಿ ಕಿರ್ರೆಂದಿತು.

ಏಳರಲ್ಲಿ ಮೊದಲನೆಯದಕ್ಕೆ ನಾನೇ ಬಣ್ಣ ಹಾಕಿ ನೋಡಿದೆ. ನೋಡಿ ಬರೆಯುವುದು ಡಾಕ್ಟರ ಕೆಲಸ, ಆದರೆ ಇಷ್ಟು ವರ್ಷದಲ್ಲಿ ನನಗೂ ಅಷ್ಟಿಷ್ಟು ತಿಳಿಯುತ್ತದೆ. ತುಂಬ ಭಾಗ ಬರೀ ಕರುಳಿನ ಗೋಡೆ. ಒಂದು ಮೂಲೆಯಲ್ಲಿ ಮಾತ್ರ ಗಡ್ಡೆಯ ಕೋಶಗಳು, ಒಂದು ಸಣ್ಣ ಗುಂಪು. ಆ ಗುಂಪಿನ ಸುತ್ತ ಕಡುನೀಲಿ ಚುಕ್ಕೆಗಳು ಒತ್ತೊತ್ತಾಗಿ ನಿಂತಿದ್ದವು. ಬಿಳಿ ಕಣಗಳು. ಕೆಲವು ಒಳಗೂ ನುಗ್ಗಿದ್ದವು. ಇಂಥ ಗುಂಪು ಎಲ್ಲ ಗಡ್ಡೆಯಲ್ಲಿ ಇರುವುದಿಲ್ಲ. ಇವು ಎರಡೂವರೆ ವರ್ಷದ ಹಿಂದೆಯೇ ಬಂದು, ಚೂರು ನೋಡಿ, ಗುರುತು ಹಿಡಿದಿದ್ದವು. ಕೈ ಕಟ್ಟಿಸಿಕೊಂಡು ಅಲ್ಲೇ ನಿಂತಿದ್ದವು. ನನಗೆ ಆಸೆ ಹುಟ್ಟಿತು. ಗಂಗಾಬಾಯಿ ಹೋದ ಮೇಲೆ ಯಾವುದಕ್ಕೂ ಆಸೆಪಟ್ಟವನಲ್ಲ ನಾನು. ಈ ಹೆಂಗಸು ಉಳಿಯಬೇಕು ಎಂದು ಅವತ್ತು ನಿಜವಾಗಿಯೂ ಆಸೆಪಟ್ಟೆ.

ಮಲ್ಲಿಕಾರ್ಜುನನಿಗೆ ಫೋನು ಮಾಡಿದೆ. ರಾತ್ರಿ ಪಾಳಿಯ ನಿದ್ದೆ ಬಿಟ್ಟು ಓಡಿ ಬಂದ. ಉಳಿದ ಆರು ಗಾಜನ್ನು ಡಬ್ಬಿಯಲ್ಲಿಟ್ಟು, ಡಬ್ಬಿಗೆ ಹತ್ತಿ ಸುತ್ತಿ, ಅವನ ಎದೆಗೆ ಒತ್ತಿ ಹಿಡಿಸಿದೆ.

"ಎಲ್ಲಿ ಸಿಕ್ತ್ರಿ ಸರ್?" ಅವನ ಕಣ್ಣಲ್ಲಿ ನೀರಿತ್ತು. ಬಗ್ಗಿ ಕಾಲು ಮುಟ್ಟಿದ.

"ಇಲ್ಲೇ ಇತ್ತು," ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಬಾಯಿ ಬರಲಿಲ್ಲ. ಅವನು ಮಧ್ಯಾಹ್ನದ ಬೆಂಗಳೂರು ಬಸ್ಸು ಹತ್ತಿದ.

ಗುರುವಾರ ಬೆಳಿಗ್ಗೆ ಸೀಟಿ ಕೇಳಿಸಿದರೂ ಹೊರಗೆ ಹೋಗಲಿಲ್ಲ. ಬುಟ್ಟಿ ಕಟ್ಟೆ ಮೇಲಿತ್ತು. "ಸರ, ಪುಣ್ಯಾ ಬರ್ಲಿ ನಿಮಗ," ಎಂದು ಆಕೆ ಗೇಟಿನಿಂದಲೇ ಕೂಗಿದಳು. ಪರದೆಯ ಹಿಂದೆ ನಿಂತು ಕೇಳಿದೆ. ರೋಗಿ ಹೆಂಗಸು ಗಾಡಿ ಹಿಂದೆ ಯಾಕೆ ಬರುತ್ತಾಳೆ, ಮನೆಯಲ್ಲಿ ಮಲಗಬಾರದೇ ಎಂದು ಅದಕ್ಕೂ ಸಿಟ್ಟು ಬಂತು.

ಶುಕ್ರವಾರ ಮಧ್ಯಾಹ್ನ ಅರ್ಚಿತಾ ಫೋನು ಮಾಡಿದರು. ಮೊದಲ ಮಾತಿನಲ್ಲೇ ತಿಳಿಯಿತು; ಅವಸರವಿರಲಿಲ್ಲ.

"ಆಗ್ಲಿಲ್ರಿ. ಗಾಜೇನೋ ಚಂದ ಬಂದಾವಂತ. ಆದ್ರ ಗಡ್ಡೆ ಕೋಶಾನೇ ಉಳಿದಿಲ್ಲ. ಮೊದಲ ಗಾಜಿನಾಗ ಹತ್ತಿಪ್ಪತ್ತು, ಆಮೇಲೆ ಬರೇ ಗೋಡೆ. ಇಷ್ಟರ ಮೇಲೆ ಹೌದು ಅನ್ನಂಗೂ ಇಲ್ಲ, ಅಲ್ಲ ಅನ್ನಂಗೂ ಇಲ್ಲಂತ. ಮತ್ತೊಂದೆರಡು ಗಾಜು ಬರಬಹುದೇನು ಅಂತ ಕೇಳಿದ್ರು."

"ಇನ್ನಿಲ್ರಿ. ಮುಗೀತು."

"ಹೋಗ್ಲಿ ಬಿಡ್ರಿ, ನೀವು ಭಾಳ ಮಾಡೀರಿ. ಅಂದಹಾಗೆ ಆ ಬ್ಲಾಕನ್ನ ಅಷ್ಟೊಂದು ಮೊದಲು ಯಾರು ಕೊಯ್ದಿದ್ರು?"

"ನಾನೇ," ಎಂದೆ. ಯಾತಕ್ಕೆ ಎಂದು ಅವರು ಕೇಳುವ ಮೊದಲೇ ಫೋನು ಇಟ್ಟೆ.

ಶನಿವಾರ ಸೀಟಿ ಕೇಳುವ ಮೊದಲೇ ಗೇಟಿನ ಹೊರಗೆ ನಿಂತಿದ್ದೆ. ಬುಟ್ಟಿ ಕೈಯಲ್ಲೇ ಇತ್ತು. ರಾತ್ರಿ ಅನ್ನ ಸಾರು ಮಾಡಿದ್ದೆ, ಯಾಕೋ. ದುರುಗವ್ವ ಗಾಡಿಯ ಹಿಂದೆ ಕಾಲೆಳೆಯುತ್ತ ಬಂದಳು. ಮುಖದ ಬಟ್ಟೆಯ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ವಿಷಯ ತಿಳಿದಿದೆ ಎಂದು ಕಣ್ಣು ನೋಡಿಯೇ ಗೊತ್ತಾಯಿತು.

"ಡಾಕ್ಟರಮ್ಮ ಹೇಳಿದ್ರು," ಎಂದಳು. "ನನ್ನ ತಪ್ಪಿಗೆ ನೀವು ಒದ್ದಾಡಿದ್ರಿ ಸರ. ನಾನು ಅದನ್ನ ಸುಡಸಬಾರದಿತ್ತು."

ಸುಮ್ಮನಿದ್ದರೆ ಆಕೆ ಹಾಗೇ ನಂಬಿಕೊಂಡು ಹೋಗುತ್ತಿದ್ದಳು. ಸಾಯುವವರೆಗೂ ತಪ್ಪು ತನ್ನದೇ ಎಂದುಕೊಂಡಿರುತ್ತಿದ್ದಳು. ಸುಮ್ಮನಿದ್ದುಬಿಡೋಣ ಎಂದು ನನಗೆ ಅನ್ನಿಸಿದ್ದು ನಿಜ.

"ನಿಮ್ಮದೊಂದೇ ಅಲ್ರಿ," ಎಂದೆ. ಅವತ್ತು ಬೈದ ಮೇಲೆ ಆಕೆಗೆ ಬಹುವಚನ ಹಚ್ಚಿದ್ದು ಅದೇ ಮೊದಲು. "ನಿಮ್ಮದು ಇನ್ನೊಂದು ಬ್ಲಾಕ್ ನನ್ನ ಹತ್ರ ಇತ್ತು. ನಿಮ್ಮದು ಅಂತ ಗೊತ್ತಿರಲಿಲ್ಲ. ದಿನಾ ಬ್ಲೇಡು ನೋಡಾಕ ಅದನ್ನ ಕೊಯ್ದೆ. ಹದಿನಾರು ತಿಂಗಳು. ಹಂಗ ಬಿಟ್ಟಿದ್ರ ಟೆಸ್ಟಿಗೆ ಹತ್ತು ಸಲ ಸಾಲ್ತಿತ್ತು."

ಗಾಡಿಯವನು ಹಾರ್ನು ಬಾರಿಸಿದ. ಆಕೆ ಕೈಯೆತ್ತಿ ತಡಿ ಎಂದಳು.

"ಕೊಯ್ದದ್ದು ಏನು ಮಾಡ್ತಿದ್ರಿ?"

"ಒಗೀತಿದ್ದೆ."

"ಯಾವ ಡಬ್ಬಿಗೆ?"

ಆಕೆ ಗಾಡಿಯ ನೀಲಿ ಅರೆಯನ್ನು, ಒಣ ಕಸದ ಅರೆಯನ್ನು, ತಿರುಗಿ ನೋಡಿದಳು. ಆಮೇಲೆ ಕೈಗವಸು ಹಾಕಿದ ತನ್ನ ಎರಡು ಕೈಗಳನ್ನು ನೋಡಿಕೊಂಡಳು.

"ಸುರುಳಿ ಸುರುಳಿ ಇದ್ದದ್ದು," ಎಂದಳು. "ಬಳ್ಳೊಳ್ಳಿ ಸಿಪ್ಪಿಯಂಥಾದ್ದು."

"ಹೌದು."

"ನಾನ ಒಯ್ದೀನಿ. ದಿನಾ."

"ಹೌದು."

"ಮೇಣ ಅಂದ್ರಿ ನೀವು."

ನಿಂತೇ ಇದ್ದೆ. ಬೈದರೆ ಬೈಸಿಕೊಳ್ಳೋಣ, ಬುಟ್ಟಿ ಮುಖಕ್ಕೆ ಎಸೆದರೂ ಸರಿ ಎಂದುಕೊಂಡಿದ್ದೆ. ಆಕೆ ಬೈಯಲಿಲ್ಲ. ಕೈ ಮುಂದೆ ಚಾಚಿದಳು. ಬುಟ್ಟಿ ಆ ಕೈಗೆ ಕೊಟ್ಟೆ. ಒಳಗೆ ನೋಡಿದಳು. ಕರಿಬೇವು, ಟೊಮೇಟೊ ತೊಟ್ಟು, ತಳ ಹತ್ತಿದ ಅನ್ನದ ಸೀಕು. ಒಂದು ಗಳಿಗೆ ನೋಡುತ್ತಲೇ ಇದ್ದು, ಹಸಿ ಕಸದ ಅರೆಗೆ ಸುರಿದು, ಬುಟ್ಟಿಯನ್ನು ತಿರುಗಿ ನನ್ನ ಕೈಗೇ ಕೊಟ್ಟಳು.

"ಸೋಮವಾರದಿಂದ ಲ್ಯಾಬಿನ ಸಿಪ್ಪಿ ಬ್ಯಾರೆ ಕಟ್ಟಿ ಕೊಡ್ರಿ ಸರ," ಎಂದಳು. "ಯಾರದೋ ಮೈ ಇರತೈತಿ."

ಸೀಟಿ ಊದಿ, ಮುಂದಿನ ಮನೆಗೆ ಹೋದಳು.